ಓದುಗರ ಪ್ರಶ್ನೆಗಳಿಗೆ ಉತ್ತರ: ನಿಕಲ್ ಒಲೆಯ ಬೂದಿ ಎಲ್ಲಿದೆ?

ಈ ತಿಂಗಳ ಅಂಚೆಯಲ್ಲಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಐದು ಪತ್ರಗಳು ಒಂದೇ ವಿಷಯವನ್ನು ಕುರಿತಿವೆ. ನಿಕಲ್ ಲೋಹಕ್ಕೆ ಸಾಮಾನ್ಯ ಜಲಜನಕವನ್ನು ಹೀರಿಸಿ ಬಿಸಿ ಮಾಡಿದರೆ ಪರಮಾಣುಗಳ ನ್ಯೂಕ್ಲಿಯಸ್‌ಗಳು ಕೂಡಿಕೊಂಡು, ಅಂದರೆ ಬೈಜಿಕ ಕ್ರಿಯೆ ನಡೆದು, ಅಪಾರ ಶಾಖ ಹೊಮ್ಮುತ್ತದೆ ಎಂಬ ವಾದವೇ ಆ ವಿಷಯ. ಇದನ್ನು ‘ಶೀತಲ ಸಮ್ಮಿಳನ’ ಎಂದು ಕರೆಯುತ್ತಾರೆ. ಸೂರ್ಯನ ಗರ್ಭದ ಕೋಟಿಗಟ್ಟಲೆ ಡಿಗ್ರಿ ಉಷ್ಣತೆಯಿಲ್ಲದೆ ನಡೆಯುವ ಸಮ್ಮಿಳನ ಎಂಬುದು ಆ ಹೆಸರಿನ ಅರ್ಥ. ಪತ್ರಗಳನ್ನು ಸಂಕ್ಷೇಪಿಸಿ, ಬಂದ ಕ್ರಮದಲ್ಲಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಿಕಲ್ ಮತ್ತು ಜಲಜನಕದ ಪ್ರಯೋಗಗಳಲ್ಲಿ ಹಾಕಿದ ವಿದ್ಯುತ್ತಿಗಿಂತ ಹೆಚ್ಚು ಶಾಖ ಬಂದಿದೆ ಎಂದು ಅನೇಕರು ಅಳೆದು ತೋರಿಸಿದ್ದಾರೆ. ಶಾಖವೇ ಸಿಕ್ಕಿರುವಾಗ ಬೈಜಿಕ ಕ್ರಿಯೆಗೆ ಬೇರೆ ಸಾಕ್ಷ್ಯ ಏಕೆ ಬೇಕು?
(ಪದವಿ ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕರು, ಕಲಬುರಗಿ)

ಉತ್ತರ: ನಮ್ಮ ಕಡೆ ತೊಗರಿ ಕಟ್ಟಿಗೆ ಹಚ್ಚಿ ರೊಟ್ಟಿ ಬೇಯಿಸಿದ ಒಲೆಯನ್ನು ಮರುದಿನ ಬೆಳಿಗ್ಗೆ ನೋಡಿದರೆ ಎಷ್ಟು ಕಟ್ಟಿಗೆ ಉರಿದಿದೆ ಎಂಬುದನ್ನು ಬೂದಿಯೇ ಹೇಳುತ್ತದೆ. ಒಲೆಯ ಮುಂದೆ ಕುಳಿತವರಿಗೆ ಎಷ್ಟು ಬಿಸಿ ತಾಗಿತು ಎಂಬುದರಲ್ಲಿ ಭಿನ್ನಾಭಿಪ್ರಾಯ ಬರಬಹುದು, ಆದರೆ ಬೂದಿಯನ್ನು ತಕ್ಕಡಿಗೆ ಹಾಕಬಹುದು. ಬೈಜಿಕ ಕ್ರಿಯೆಗೂ ಅಂಥ ಬೂದಿ ಇದೆ. ಹೊಸ ಧಾತು, ಹೊಸ ಐಸೊಟೋಪ್ (ಅದೇ ಧಾತುವಿನ ಬೇರೆ ತೂಕದ ಪರಮಾಣು), ಹೀಲಿಯಂ, ಟ್ರಿಟಿಯಂ (ಜಲಜನಕದ ಭಾರವಾದ, ವಿಕಿರಣಶೀಲ ಐಸೊಟೋಪ್), ನ್ಯೂಟ್ರಾನ್, ಗಾಮಾ ಕಿರಣ ಇವುಗಳಲ್ಲಿ ಯಾವುದಾದರೂ ಉಳಿಯಲೇಬೇಕು, ಮತ್ತು ಅದು ಬಂದ ಶಾಖಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಈ ಎರಡನೆಯ ಮಾತೇ ಹೆಚ್ಚು ಮುಖ್ಯ.

ಶಾಖದ ಅಳತೆ ಎಷ್ಟು ಸುಲಭವಾಗಿ ದಾರಿ ತಪ್ಪಿಸುತ್ತದೆ ಎಂಬುದನ್ನು ತಾವು ರಸಾಯನಶಾಸ್ತ್ರದವರಾದ್ದರಿಂದ ಬೇಗ ಗ್ರಹಿಸುವಿರಿ. ನಿಕಲ್ ಕ್ಯಾಥೋಡ್, ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ ಮತ್ತು ಸಾಮಾನ್ಯ ನೀರು ಇರುವ ಕೋಶದಲ್ಲಿ ಹೆಚ್ಚುವರಿ ಶಾಖ ಬಂತೆಂಬ ವರದಿ 1991ರಲ್ಲಿ ಪ್ರಕಟವಾಯಿತು. ತೆರೆದ ಕೋಶದಲ್ಲಿ ಜಲಜನಕವೂ ಆಮ್ಲಜನಕವೂ ಅನಿಲವಾಗಿ ಹೊರಹೋಗುತ್ತವೆ ಎಂದು ಭಾವಿಸಿ, ಪ್ರತಿ ಆಂಪಿಯರ್ ವಿದ್ಯುತ್ತಿಗೆ 1.48 ವ್ಯಾಟ್‌ನಷ್ಟನ್ನು ಲೆಕ್ಕದಿಂದ ಕಳೆಯುವುದು ವಾಡಿಕೆ. ಆ ಅನಿಲಗಳಲ್ಲಿ ಒಂದು ಭಾಗ ಕೋಶದೊಳಗೇ ಮತ್ತೆ ಕೂಡಿ ನೀರಾದರೆ, ಕಳೆದ ಶಾಖ ಹಿಂದಿರುಗಿ ಬರುತ್ತದೆ ಮತ್ತು ಅದು ‘ಹೆಚ್ಚುವರಿ’ ಎಂದು ಕಾಣಿಸುತ್ತದೆ. ಅನಿಲದಲ್ಲಿ ನಡೆಸುವ ಪ್ರಯೋಗಗಳಲ್ಲಿ ತೊಂದರೆ ಬೇರೆ ಬಗೆಯದು. ಇಟಲಿಯ ಫ್ರಾಂಚೆಸ್ಕೊ ಪಿಯಾಂಟೆಲ್ಲಿ ಮತ್ತು ಸೆರ್ಜಿಯೊ ಫೊಕಾರ್ಡಿ ಅವರ ತಂಡ 1994ರಲ್ಲಿ ನಿಕಲ್ ಸರಳಿಗೆ ಜಲಜನಕ ತುಂಬಿ 24 ದಿನಗಳ ಕಾಲ ಸುಮಾರು 44 ವ್ಯಾಟ್ ಹೆಚ್ಚುವರಿ ಶಾಖ ಪಡೆದೆವೆಂದು ಪ್ರಕಟಿಸಿತು. 1996ರಲ್ಲಿ ಯುರೋಪಿನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದ ತಂಡವೊಂದು ಅದೇ ವ್ಯವಸ್ಥೆಯನ್ನು ಕಟ್ಟಿ ನೋಡಿತು. ನಿಕಲ್‌ನ ಉಷ್ಣತೆ ಏರಿದ್ದು ನಿಜ, ಆದರೆ ಜಲಜನಕ ತುಂಬಿದಾಗ ಪಾತ್ರೆಯೊಳಗೆ ಶಾಖ ಹರಿಯುವ ರೀತಿಯೇ ಬದಲಾಗುತ್ತದೆ, ಆದ್ದರಿಂದ ಕಂಡದ್ದನ್ನೆಲ್ಲ ಸಾಮಾನ್ಯ ಕಾರಣಗಳಿಂದಲೇ ವಿವರಿಸಬಹುದು ಎಂದು ಆ ತಂಡ ಹೇಳಿತು. ಒಂದು ಜಾಗದಲ್ಲಿ ಉಷ್ಣತೆ ಏರಿದೆ ಎಂಬುದೂ ಶಾಖ ಹುಟ್ಟಿದೆ ಎಂಬುದೂ ಒಂದೇ ಅಲ್ಲ.

ಬೂದಿಯ ಲೆಕ್ಕ ಹೀಗಿದೆ. ನಿಕಲ್-62 (ಈ ಸಂಖ್ಯೆ ಐಸೊಟೋಪಿನ ತೂಕವನ್ನು ಸೂಚಿಸುತ್ತದೆ) ಒಂದು ಪ್ರೋಟಾನನ್ನು, ಅಂದರೆ ಜಲಜನಕದ ನ್ಯೂಕ್ಲಿಯಸ್ಸನ್ನು, ನುಂಗಿ ತಾಮ್ರ-63 ಆದರೆ 6.1 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಶಕ್ತಿ ಬಿಡುಗಡೆಯಾಗುತ್ತದೆ. ಈ ದಾರಿಯಲ್ಲಿ ಒಂದು ವ್ಯಾಟ್ ಶಾಖ ಬರಬೇಕಾದರೆ ಪ್ರತಿ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಕ್ರಿಯೆಗಳು ನಡೆಯಬೇಕು. ಒಂದೊಂದು ಕಣವನ್ನೂ ಎಣಿಸಬಲ್ಲ ಉಪಕರಣಗಳು ನಮ್ಮಲ್ಲಿರುವಾಗ ಲಕ್ಷ ಕೋಟಿಯ ಕ್ರಿಯೆ ಕಣ್ಣು ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಈ ಕಾರಣದಿಂದಲೇ ಭೌತವಿಜ್ಞಾನಿಗಳು ಥರ್ಮಾಮೀಟರಿಗಿಂತ ಮೊದಲು ಬೂದಿಯನ್ನು ಕೇಳುತ್ತಾರೆ.

1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೈಶ್ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಅವರು ಪಲ್ಲೇಡಿಯಂ ಲೋಹ ಮತ್ತು ಭಾರಜಲದ (ಸಾಮಾನ್ಯ ಜಲಜನಕದ ಬದಲು ಅದರ ಭಾರದ ಐಸೊಟೋಪ್ ಡ್ಯೂಟೀರಿಯಂ ಇರುವ ನೀರು) ಕೋಶವನ್ನು ಜಗತ್ತಿಗೆ ಪರಿಚಯಿಸಿದಾಗಲೂ ಪ್ರಶ್ನೆ ಇದೇ ಆಗಿತ್ತು. ನ್ಯೂಟ್ರಾನ್‌ಗಳು ನೀರಿನ ಜಲಜನಕದಲ್ಲಿ ಸೆರೆಯಾದಾಗ ಹೊಮ್ಮುವ 2.22 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣವನ್ನು ಕಂಡೆವೆಂದು ಅವರು ಹೇಳಿದ್ದರು. ಅವರ ಉಪಕರಣದಲ್ಲಿ ನಿಜವಾದ ಗಾಮಾ ಗೆರೆ ಅಷ್ಟು ಕಿರಿದಾಗಿ ಕಾಣಿಸಲಾರದು, ಅದರ ಜೊತೆಗೆ ಕಡಿಮೆ ಶಕ್ತಿಯ ಕಡೆ ಕಾಣಬೇಕಾದ ‘ಕಾಂಪ್ಟನ್ ಅಂಚು’ ಕೂಡ ಅಲ್ಲಿಲ್ಲ ಎಂದು ಎಂಐಟಿಯ ರಿಚರ್ಡ್ ಪೆಟ್ರಾಸೊ ಮತ್ತು ಸಂಗಡಿಗರು ಅದೇ ವರ್ಷ ತೋರಿಸಿದರು. ಶಾಖದ ಬಗ್ಗೆ ವಾದ ವರ್ಷಗಟ್ಟಲೆ ನಡೆಯಿತು. ಬೂದಿಯ ಬಗೆಗಿನ ವಾದ ಮಾತ್ರ ಕೆಲವೇ ತಿಂಗಳುಗಳಲ್ಲಿ ಒಂದು ನೆಲೆಗೆ ಬಂತು.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಬಿದರಿ ಕೆಲಸ ಮಾಡುವ ಮನೆತನ. ನಿಕಲ್ ಪುಡಿಯಲ್ಲಿ ತಾಮ್ರ ಹುಟ್ಟಿತು ಎಂದು ಓದಿ ಆಶ್ಚರ್ಯವಾಯಿತು. ಲೋಹದಲ್ಲಿ ಕಂಡ ತಾಮ್ರ ಅಲ್ಲೇ ಹುಟ್ಟಿದ್ದೋ, ಹೊರಗಿನಿಂದ ಸೇರಿದ್ದೋ ಎಂದು ತಿಳಿಯುವುದು ಹೇಗೆ?
(ಬಿದರಿ ಕುಶಲಕರ್ಮಿ, ಬೀದರ್)

ಉತ್ತರ: ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ವಿಷಯದ ಬುಡಕ್ಕೆ ಕೈಹಾಕಿದ್ದು ತಮ್ಮದು, ಮತ್ತು ಅದಕ್ಕೆ ಉತ್ತರದ ಅರ್ಧ ಭಾಗ ತಮ್ಮ ಕೈಕೆಲಸದಲ್ಲಿಯೇ ಇದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಬಿದರಿ ಪಾತ್ರೆಯ ಮೇಲೆ, ಚಿತ್ತಾರ ಕೊರೆಯುವ ಮುನ್ನ, ಗೆರೆ ಕಾಣಲೆಂದು ಮೈಲುತುತ್ತದ ನೀರನ್ನು ಸವರುತ್ತೀರಿ. ಮೈ ತಕ್ಷಣ ಕಪ್ಪಾಗುತ್ತದೆ. ಆಗ ನಡೆಯುವುದು ಇಷ್ಟೇ: ಮೇಲ್ಮೈಯ ಸತು ಕರಗಿ, ದ್ರಾವಣದಲ್ಲಿದ್ದ ತಾಮ್ರ ಅದರ ಜಾಗಕ್ಕೆ ಬಂದು ಕೂಡುತ್ತದೆ. ವಿಷಯ ತಿಳಿಯದವರು ಆ ಪಾತ್ರೆಯ ಮೈಯನ್ನಷ್ಟೇ ಕೆರೆದು ಪರೀಕ್ಷಿಸಿದರೆ, ಎರಕದಲ್ಲಿದ್ದುದಕ್ಕಿಂತ ಹೆಚ್ಚು ತಾಮ್ರ ಕಂಡು ಸತುವೇ ತಾಮ್ರವಾಗಿದೆ ಎಂದು ತಿಳಿಯಲೂಬಹುದು. ವಿದ್ಯುತ್ ಕೋಶದಲ್ಲಿಯೂ ಹೀಗೆಯೇ ಆಗುತ್ತದೆ. ತಂತಿಯಲ್ಲಿ, ಬೆಸುಗೆಯಲ್ಲಿ, ನೀರಿನಲ್ಲಿ ಇರುವ ಅಲ್ಪಸ್ವಲ್ಪ ತಾಮ್ರ ವಾರಗಟ್ಟಲೆ ಹರಿದು ಬಂದು ಕ್ಯಾಥೋಡಿನ ಮೇಲೆ ಕೂಡುತ್ತದೆ. ಕಂಡ ತಾಮ್ರ ಹುಟ್ಟಿದ ತಾಮ್ರವೇ ಆಗಬೇಕಾಗಿಲ್ಲ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಮೊದಲನೆಯ ದಾರಿ ತೂಕ. ಇಟಲಿಯ ಪ್ರಯೋಗದ 44 ವ್ಯಾಟ್ 24 ದಿನ ನಡೆದರೆ ಸುಮಾರು 9 ಕೋಟಿ ಜೂಲ್ ಶಾಖವಾಯಿತು. ಅಷ್ಟೂ ಶಾಖ ತಾಮ್ರ-63 ಹುಟ್ಟಿದ್ದರಿಂದ ಬಂದದ್ದಾದರೆ ಸುಮಾರು 10 ಮಿಲಿಗ್ರಾಂ ತಾಮ್ರ ಸಿಗಬೇಕು. ಆದರೆ ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ದರ್ಜೆಯ ನಿಕಲ್‌ನಲ್ಲಿ ಶೇಕಡಾ 0.25ರವರೆಗೆ ತಾಮ್ರ ಇರಲು ಅವಕಾಶವಿದೆ, ಅಂದರೆ 10 ಗ್ರಾಂ ನಿಕಲ್‌ನಲ್ಲಿ ಪ್ರಯೋಗಕ್ಕೆ ಮೊದಲೇ 25 ಮಿಲಿಗ್ರಾಂ ತಾಮ್ರ ಇರಬಹುದು. ಆದ್ದರಿಂದ ಪ್ರಯೋಗಕ್ಕೆ ಮುಂಚೆ ಅದೇ ತುಂಡಿನ ಪೂರ್ಣ ವಿಶ್ಲೇಷಣೆ ಮಾಡಿಸಿಡದಿದ್ದರೆ ಆಮೇಲೆ ಸಿಕ್ಕ ತಾಮ್ರಕ್ಕೆ ಸಾಕ್ಷ್ಯದ ಬೆಲೆ ಇರುವುದಿಲ್ಲ.

ಎರಡನೆಯ ದಾರಿ ಐಸೊಟೋಪುಗಳ ಅನುಪಾತ, ಮತ್ತು ಇದು ತೂಕಕ್ಕಿಂತ ಬಲವಾದದ್ದು. ಭೂಮಿಯಲ್ಲಿ ಸಿಗುವ ತಾಮ್ರದಲ್ಲಿ ತಾಮ್ರ-63 ಶೇಕಡಾ 69ರಷ್ಟು, ತಾಮ್ರ-65 ಶೇಕಡಾ 31ರಷ್ಟು ಇರುತ್ತವೆ. ನಿಕಲ್‌ನಲ್ಲಿ ಐದು ಬಗೆಗಳಿವೆ: ನಿಕಲ್-58 ಶೇಕಡಾ 68, ನಿಕಲ್-60 ಶೇಕಡಾ 26, ಉಳಿದ 61, 62 ಮತ್ತು 64 ಸೇರಿ ಶೇಕಡಾ 6ಕ್ಕಿಂತ ಕಡಿಮೆ. ಪ್ರೋಟಾನ್ ಸೇರಿದಾಗ ನೇರವಾಗಿ ಸ್ಥಿರ ತಾಮ್ರವಾಗುವುದು 62 ಮತ್ತು 64 ಮಾತ್ರ, ಮತ್ತು ಅವೆರಡೂ ಸೇರಿದರೆ ಒಟ್ಟು ನಿಕಲ್‌ನ ಶೇಕಡಾ 4.6ರಷ್ಟೇ. ಉಳಿದವು ವಿಕಿರಣಶೀಲ ತಾಮ್ರವಾಗಿ, ಪಾಸಿಟ್ರಾನ್ (ಧನ ವಿದ್ಯುದಾವೇಶದ ಎಲೆಕ್ಟ್ರಾನ್) ಹೊರಹಾಕಿ ಮತ್ತೆ ನಿಕಲ್ ಆಗುತ್ತವೆ. ತಾಮ್ರ-59ರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಅಳಿಯಲು ಬೇಕಾದ ಕಾಲ) ಸುಮಾರು 82 ಸೆಕೆಂಡು, ತಾಮ್ರ-61ರದು 3.3 ಗಂಟೆ.

ಈ ಲೆಕ್ಕವನ್ನು ಮುಂದಿಟ್ಟುಕೊಂಡು 2011ರ ಪ್ರಕರಣವನ್ನು ನೋಡಿರಿ. ಆ ವರ್ಷದ ಜನವರಿ 14ರಂದು ಇಟಲಿಯ ಬೊಲೊನ್ಯಾದಲ್ಲಿ ಆಂಡ್ರಿಯಾ ರೊಸ್ಸಿ ಮತ್ತು ಫೊಕಾರ್ಡಿ ಅವರು ‘ಇ-ಕ್ಯಾಟ್’ ಎಂಬ ಉಪಕರಣವನ್ನು ಪ್ರದರ್ಶಿಸಿ, ನಿಕಲ್ ತಾಮ್ರವಾಗುತ್ತದೆ ಎಂದರು. ಬಳಸಿದ ಪುಡಿಯೆಂದು ಅವರು ಕೊಟ್ಟ ಮಾದರಿಯನ್ನು ಸ್ವೀಡನ್ನಿನಲ್ಲಿ ಪರೀಕ್ಷಿಸಿದಾಗ ಶೇಕಡಾ 10ರಷ್ಟು ತಾಮ್ರ ಮತ್ತು 11ರಷ್ಟು ಕಬ್ಬಿಣ ಸಿಕ್ಕವು. ಆದರೆ ಆ ತಾಮ್ರದ ಐಸೊಟೋಪ್ ಅನುಪಾತ ಭೂಮಿಯ ಸಾಮಾನ್ಯ ತಾಮ್ರದ್ದೇ ಆಗಿತ್ತು. ನಿಕಲ್-62 ಮತ್ತು 64ರಿಂದ ಹುಟ್ಟಿದ ತಾಮ್ರವಾಗಿದ್ದರೆ 63 ಮತ್ತು 65ರ ಅನುಪಾತ 80ಕ್ಕೆ 20ರ ಆಸುಪಾಸಿನಲ್ಲಿರಬೇಕಿತ್ತು, ಅಲ್ಲದೆ ಆ ಎರಡರ ಒಟ್ಟು ಪ್ರಮಾಣವೇ ಶೇಕಡಾ 5 ಮುಟ್ಟದಿರುವಾಗ ಶೇಕಡಾ 10 ತಾಮ್ರ ನೇರವಾಗಿ ಬರುವ ದಾರಿಯಿಲ್ಲ.

ಪಾಸಿಟ್ರಾನ್‌ಗಳ ಮಾತು ಇನ್ನೂ ಸ್ಪಷ್ಟ. ಪಾಸಿಟ್ರಾನ್ ಎಲೆಕ್ಟ್ರಾನಿಗೆ ತಾಗಿದೊಡನೆ ಎರಡೂ ಅಳಿದು, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಎರಡು ಗಾಮಾ ಕಿರಣಗಳು ಎದುರುಬದುರಾಗಿ ಹೊಮ್ಮುತ್ತವೆ. ಆಸ್ಪತ್ರೆಯ ಪೆಟ್ ಸ್ಕ್ಯಾನ್ ಯಂತ್ರ ಹಿಡಿಯುವುದು ಇವನ್ನೇ. ಸಹಜ ನಿಕಲ್‌ನ ಎಲ್ಲ ಬಗೆಗಳೂ ಸಮನಾಗಿ ಭಾಗವಹಿಸಿದರೆ, ಒಂದು ವ್ಯಾಟಿನ ಉಪಕರಣದಿಂದ ಪೆಟ್ ಸ್ಕ್ಯಾನ್‌ಗೆ ರೋಗಿಗೆ ಕೊಡುವ ಔಷಧಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಪಾಸಿಟ್ರಾನ್ ವಿಕಿರಣ ಬರಬೇಕು. ಬೊಲೊನ್ಯಾದ ಪ್ರದರ್ಶನದಲ್ಲಿ ಹೇಳಿಕೊಂಡದ್ದು ಕಿಲೋವ್ಯಾಟ್‌ಗಳ ಲೆಕ್ಕದ ಶಾಖ, ಅಳತೆಯಲ್ಲಿ ಸಿಕ್ಕಿದ್ದು ಹಿನ್ನೆಲೆ ವಿಕಿರಣ ಮಾತ್ರ.

ರೊಸ್ಸಿ ಅವರ ಉಪಕರಣವನ್ನೇ ಕುರಿತ 2014ರ ಲುಗಾನೊ ವರದಿ ಇದಕ್ಕಿಂತ ಭಿನ್ನವಾದ ಬೂದಿಯನ್ನು ತೋರಿಸಿತು. ಸ್ವಿಟ್ಜರ್‌ಲೆಂಡಿನಲ್ಲಿ 32 ದಿನ ಓಡಿಸಿದ ಉಪಕರಣದ ಇಂಧನದಲ್ಲಿ ಮೊದಲು ಸಹಜವಾಗಿದ್ದ ನಿಕಲ್, ಕೊನೆಯಲ್ಲಿ ತೆಗೆದ ಮಾದರಿಯಲ್ಲಿ ಶೇಕಡಾ 99ರಷ್ಟು ನಿಕಲ್-62 ಆಗಿತ್ತು, ಲಿಥಿಯಂ-7ರ ಪಾಲೂ ಬಹಳ ಕುಸಿದಿತ್ತು. ಕಾಗದದ ಮೇಲೆ ಇದು ಗಂಭೀರವಾಗಿ ಪರಿಗಣಿಸಬೇಕಾದ ಸಾಕ್ಷ್ಯ. ಆದರೆ ಇಂಧನ ತುಂಬುವಾಗಲೂ ತೆಗೆಯುವಾಗಲೂ ರೊಸ್ಸಿ ಅವರು ಸ್ವತಃ ಕೈಹಾಕಿದ್ದರೆಂದು ವರದಿಯೇ ಹೇಳುತ್ತದೆ, ಮತ್ತು ನಿಕಲ್-62 ಹಣ ಕೊಟ್ಟರೆ ಸಿಗುವ ವಸ್ತು. ನಾನು ಇದರಿಂದ ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿ ಕಡಿದರೆ ಆರೋಪವನ್ನೂ ಸಾಬೀತು ಮಾಡಲಾಗದು, ಸಾಧನೆಯನ್ನೂ ಸಾಬೀತು ಮಾಡಲಾಗದು. ಇನ್ನೊಂದು ಮಾತು ನನಗೆ ಬಹಳ ತೂಕದ್ದಾಗಿ ಕಾಣುತ್ತದೆ: ಇಂಧನವೆಲ್ಲ ಹೀಗೆ ಬದಲಾಗಿ ಮುಗಿದಿದ್ದರೆ ಕೊನೆಯ ದಿನಗಳಲ್ಲಿ ಶಾಖ ಇಳಿಯಬೇಕಿತ್ತು, ಅದು ಇಳಿಯಲಿಲ್ಲ. ನಿಕಲ್-58 ನಾಲ್ಕು ನ್ಯೂಟ್ರಾನ್ ಪಡೆದು 62 ಆಗುವ ದಾರಿಯಲ್ಲಿ ಹೊಮ್ಮಬೇಕಾದ ಗಾಮಾ ಕಿರಣವೂ ಅಲ್ಲಿ ಕಾಣಲಿಲ್ಲ.

ಪ್ರಶ್ನೆ: ನಮ್ಮ ದೇಶದ ಭಾಭಾ ಪರಮಾಣು ಸಂಶೋಧನಾ ಕೇಂದ್ರವೇ ಟ್ರಿಟಿಯಂ ಕಂಡಿತ್ತು ಎಂದು ಕೇಳಿದ್ದೇನೆ. ಅದು ನಿಜವೇ? ನಿಜವಾದರೆ ಅದನ್ನು ಏಕೆ ಒಪ್ಪಲಿಲ್ಲ?
(ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಯಾದಗಿರಿ)

ಉತ್ತರ: ನಿಜ, ಮತ್ತು ಈ ಅಧ್ಯಾಯವನ್ನು ಗೌರವದಿಂದಲೇ ಓದಬೇಕು. ಯೂಟಾದ ಸುದ್ದಿ ಬಂದೊಡನೆ ಆ ಕೇಂದ್ರವಿರುವ ಮುಂಬಯಿಯ ಟ್ರಾಂಬೆಯಲ್ಲಿ ಆಗಿನ ನಿರ್ದೇಶಕ ಪಿ.ಕೆ. ಅಯ್ಯಂಗಾರ್ ಮತ್ತು ಎಂ. ಶ್ರೀನಿವಾಸನ್ ಅವರ ನೇತೃತ್ವದಲ್ಲಿ ಹಲವು ತಂಡಗಳು ಬೇರೆಬೇರೆಯಾಗಿ ಕೋಶಗಳನ್ನು ಕಟ್ಟಿದವು. ಭಾರಜಲವನ್ನೂ ಟ್ರಿಟಿಯಂ ಅಳತೆಯನ್ನೂ ದಿನನಿತ್ಯ ಬಲ್ಲವರು ಅಲ್ಲಿದ್ದರು. ಕೆಲವು ಕೋಶಗಳಲ್ಲಿ ಟ್ರಿಟಿಯಂ ಹೆಚ್ಚಿದೆ ಎಂದು 1989ರಲ್ಲೇ ವರದಿ ಮಾಡಿದರು. 1992ರಲ್ಲಿ ಜಪಾನಿನ ನಗೋಯಾ ಸಮ್ಮೇಳನದಲ್ಲಿ, ಸಾಮಾನ್ಯ ನೀರು ಮತ್ತು ನಿಕಲ್‌ನ ಕೋಶಗಳಲ್ಲಿಯೂ ಅಲ್ಪ ಪ್ರಮಾಣದ ಟ್ರಿಟಿಯಂ ಕಂಡಿತೆಂದು ಶ್ರೀನಿವಾಸನ್ ತಂಡ ತಿಳಿಸಿತು. ನಿಕಲ್ ಮತ್ತು ಜಲಜನಕದ ಬೈಜಿಕ ಸಾಕ್ಷ್ಯದ ಚರ್ಚೆಯಲ್ಲಿ ಅನುಭವಿಗಳ ಕೈಯಿಂದ ಬಂದ ವರದಿ ಎಂಬ ಕಾರಣಕ್ಕೆ ಇದಕ್ಕೆ ವಿಶೇಷ ಸ್ಥಾನವಿದೆ.

ಒಪ್ಪಿಗೆ ಸಿಗದಿರಲು ಮುಖ್ಯ ಕಾರಣ ಪ್ರಮಾಣಗಳು ಪರಸ್ಪರ ಹೊಂದದಿರುವುದು. ಎರಡು ಡ್ಯೂಟೀರಿಯಂಗಳು ಕೂಡಿದಾಗ ಟ್ರಿಟಿಯಂ ಹುಟ್ಟುವ ಸಂದರ್ಭಗಳೂ ನ್ಯೂಟ್ರಾನ್ ಹುಟ್ಟುವ ಸಂದರ್ಭಗಳೂ ಹೆಚ್ಚುಕಡಿಮೆ ಸಮ. ಟ್ರಾಂಬೆಯ ಪಲ್ಲೇಡಿಯಂ ಕೋಶಗಳಲ್ಲಿ ಒಂದು ಕೋಟಿ ಟ್ರಿಟಿಯಂ ಪರಮಾಣುಗಳಿಗೆ ಒಂದು ನ್ಯೂಟ್ರಾನಿನಷ್ಟೇ ಕಂಡಿತು. ಸಂಶೋಧಕರು ಇದನ್ನು ಹೊಸ ಬಗೆಯ ಕ್ರಿಯೆಯ ಗುರುತೆಂದು ಓದಿದರು. ಟ್ರಿಟಿಯಂ ಬೇರೆ ದಾರಿಯಿಂದ ಬಂದಿರಬಹುದು ಎಂದು ವಿಮರ್ಶಕರು ಓದಿದರು. ಟ್ರಿಟಿಯಂನ ಬೀಟಾ ಕಣದ ಶಕ್ತಿ ಹೆಚ್ಚೆಂದರೆ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಂದರೆ ಬಹಳ ಮೃದು. ಅದನ್ನು ಎಣಿಸುವ ದ್ರವದಲ್ಲಿ ಕ್ಷಾರೀಯ ದ್ರಾವಣ ಬೆರೆತರೆ ರಾಸಾಯನಿಕ ಕ್ರಿಯೆಯಿಂದಲೇ ಬೆಳಕು ಹೊಮ್ಮಿ ಸುಳ್ಳು ಎಣಿಕೆ ಬರಬಹುದು. ನನ್ನ ಅಭಿಪ್ರಾಯವನ್ನು ಕೇಳಿದರೆ, ಬೇಕೆಂದಾಗ ಬೇಕಾದ ಕೋಶದಲ್ಲಿ ಮತ್ತೆ ಟ್ರಿಟಿಯಂ ಬರಿಸಿ ತೋರಿಸಲು ಆಗಿದ್ದರೆ ಈ ತಕರಾರುಗಳೆಲ್ಲ ತಾವಾಗಿಯೇ ಬಿದ್ದುಹೋಗುತ್ತಿದ್ದವು. ಹಾಗೆ ಆಗಲಿಲ್ಲ.

ಪ್ರಶ್ನೆ: ನಿಕಲ್ ಮತ್ತು ಜಲಜನಕದ ಹೀಟರ್ ತಯಾರಿಸುವ ಯೋಜನೆಯಲ್ಲಿ ಹಣ ಹೂಡಲು ಪರಿಚಯದವರೊಬ್ಬರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
(ವ್ಯಾಪಾರಿ, ಹುಮನಾಬಾದ್)

ಉತ್ತರ: ಹೂಡಬೇಡಿರಿ. ಗೂಗಲ್ ಸಂಸ್ಥೆಯ ನೆರವಿನಿಂದ 2015ರಿಂದ ಹಲವು ವಿಶ್ವವಿದ್ಯಾಲಯಗಳ ತಂಡ ನಡೆಸಿದ ಮರುಪರಿಶೀಲನೆಯ ಫಲ 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಲಜನಕದಲ್ಲಿ ಕಾಯಿಸಿದ ಲೋಹದ ಪುಡಿಗಳ ನೂರಾರು ಮಾದರಿಗಳನ್ನು ಒಳ್ಳೆಯ ಉಷ್ಣಮಾಪಕಗಳಲ್ಲಿ ಅಳೆದರೂ ಹೆಚ್ಚುವರಿ ಶಾಖ ಸಿಗಲಿಲ್ಲ. ಅದೇ ತಂಡದ ಕೆಲವರು 2025ರಲ್ಲಿ ಪಲ್ಲೇಡಿಯಂಗೆ ಡ್ಯೂಟೀರಿಯಂ ತುಂಬಿ, ಅದಕ್ಕೆ ಡ್ಯೂಟೀರಿಯಂ ಕಣಗಳನ್ನೇ ಬಡಿದು, ಸಮ್ಮಿಳನದ ದರ ಶೇಕಡಾ 15ರಷ್ಟು ಹೆಚ್ಚಿತೆಂದು ತೋರಿಸಿದ್ದಾರೆ. ಅವರು ಲೆಕ್ಕ ಹಾಕಿದ್ದು ಶಾಖದಿಂದಲ್ಲ, ಎಣಿಸಿದ ನ್ಯೂಟ್ರಾನ್‌ಗಳಿಂದ. ಅಲ್ಲಿಯೂ ಹಾಕಿದ ವಿದ್ಯುತ್ತಿಗೆ ಹೋಲಿಸಿದರೆ ಬಂದ ಶಕ್ತಿ ತೀರ ಅಲ್ಪ. ಮನೆ ಬಿಸಿ ಮಾಡುವ ಯಂತ್ರ ಇದಾವುದರಿಂದಲೂ ಸದ್ಯಕ್ಕೆ ಹುಟ್ಟುವುದಿಲ್ಲ.

ಇನ್ನೊಂದು ಎಚ್ಚರಿಕೆ: ಯಾರಾದರೂ ತಮ್ಮ ಶೆಡ್ಡಿನಲ್ಲಿ ಇದನ್ನು ಕಟ್ಟಿ ತೋರಿಸುತ್ತೇನೆಂದರೆ ಅವಕಾಶ ಕೊಡಬೇಡಿರಿ. ಗಾಳಿಯಲ್ಲಿ ಜಲಜನಕ ಶೇಕಡಾ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. 1992ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಇಂಥ ಕೋಶವೊಂದು ಸಿಡಿದು ಒಬ್ಬ ಸಂಶೋಧಕರು ಪ್ರಾಣ ಕಳೆದುಕೊಂಡರು.

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ನಮ್ಮ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. ನಿಕಲ್ ಪ್ರಯೋಗವನ್ನು ಇಲ್ಲಿ ಮಾಡಿ ಗೈಗರ್ ಕೌಂಟರ್ ಇಟ್ಟರೆ ಎಣಿಕೆ ಸುಮ್ಮನೆ ಹೆಚ್ಚು ಬರುವುದಿಲ್ಲವೇ? ನಿಜವಾದ ಸಂಕೇತವನ್ನು ಗುರುತಿಸುವುದು ಹೇಗೆ?
(ವಿದ್ಯಾರ್ಥಿನಿ, ಶಹಾಪುರ)

ಉತ್ತರ: ತಂಗೀ, ನಿನ್ನ ಸಂದೇಹ ಸರಿಯಾಗಿದೆ, ಆದರೆ ಅದಕ್ಕೆ ಗೋಗಿಯೇ ಬೇಕಾಗಿಲ್ಲ. ಭೂಮಿಯ ಮೇಲೆ ಎಲ್ಲಿ ಕೌಂಟರ್ ಇಟ್ಟರೂ ಅದು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಗ್ರಾನೈಟ್ ಬಂಡೆಯ ಯುರೇನಿಯಂ ಮತ್ತು ಥೋರಿಯಂ, ಅವುಗಳಿಂದ ಹುಟ್ಟಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಕೂಡಿಕೊಳ್ಳುವ ರೇಡಾನ್ ಅನಿಲ, ಆಕಾಶದಿಂದ ಬರುವ ವಿಶ್ವಕಿರಣ ಇವೆಲ್ಲ ಸೇರಿ ಹಿನ್ನೆಲೆ ವಿಕಿರಣವಾಗುತ್ತದೆ. ಅದು ಸ್ಥಿರವೂ ಅಲ್ಲ. ಮಳೆ ಬಿದ್ದಾಗ ರೇಡಾನಿನ ಮರಿಧಾತುಗಳು ನೀರಿನೊಂದಿಗೆ ನೆಲಕ್ಕಿಳಿದು ಎಣಿಕೆ ಏರುತ್ತದೆ, ಮಳೆ ನಿಂತ ಒಂದೆರಡು ಗಂಟೆಗಳಲ್ಲಿ ಮತ್ತೆ ಇಳಿಯುತ್ತದೆ. ವಾಯುಭಾರ ಏರಿದರೆ ವಿಶ್ವಕಿರಣದ ನ್ಯೂಟ್ರಾನ್‌ಗಳು ಕಡಿಮೆಯಾಗುತ್ತವೆ. ನಿಕಲ್ ಪ್ರಯೋಗವನ್ನು ಸೋಮವಾರ ನಡೆಸಿ ಹಿನ್ನೆಲೆಯನ್ನು ಶುಕ್ರವಾರ ಅಳೆದವರು ತಮಗೆ ಅರಿವಿಲ್ಲದೆಯೇ ಹವಾಮಾನವನ್ನು ಅಳೆದಿರುತ್ತಾರೆ. 1999ರಲ್ಲಿ ಇಟಲಿಯ ತಂಡ ನಿಕಲ್ ಮತ್ತು ಜಲಜನಕದಿಂದ ನ್ಯೂಟ್ರಾನ್ ಬಂತೆಂದು ಪ್ರಕಟಿಸಿದಾಗಲೂ, ಶಾಖಕ್ಕೆ ಹೋಲಿಸಿದರೆ ಆ ಎಣಿಕೆ ಅತ್ಯಲ್ಪವಾಗಿತ್ತು. ಅಷ್ಟು ಸಣ್ಣ ಸಂಕೇತವನ್ನು ನಂಬಬೇಕಾದರೆ ಹಿನ್ನೆಲೆಯನ್ನು ಅದಕ್ಕಿಂತ ಚೆನ್ನಾಗಿ ಬಲ್ಲವರಾಗಿರಬೇಕು.

ಈಗ ನಾನು ಮೊದಲ ಉತ್ತರದಲ್ಲಿ ಹೇಳಿದ ಪೊಟ್ಯಾಸಿಯಂ ಕಾರ್ಬೊನೇಟ್ ಕೋಶವನ್ನು ನೆನಪಿಸಿಕೋ. ಪೊಟ್ಯಾಸಿಯಂನ ಪ್ರತಿ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು ಪೊಟ್ಯಾಸಿಯಂ-40, ಅದು ಸಹಜವಾಗಿಯೇ ವಿಕಿರಣಶೀಲ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಪ್ರತಿ ಸೆಕೆಂಡಿಗೆ 31ರಷ್ಟು ವಿಘಟನೆಗಳು ನಡೆಯುತ್ತವೆ. ಕೋಶಕ್ಕೆ 100 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿದವರು ತಮಗರಿವಿಲ್ಲದೆ ಸೆಕೆಂಡಿಗೆ 1,700ಕ್ಕೂ ಹೆಚ್ಚು ವಿಘಟನೆಗಳನ್ನು ಒಳಗಿಟ್ಟಿರುತ್ತಾರೆ, ಅವುಗಳಲ್ಲಿ ಹತ್ತರಲ್ಲೊಂದು ಪಾಲು 1.46 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣ ಕೊಡುತ್ತದೆ. ಖಾಲಿ ಬೀಕರಿಗೂ ತುಂಬಿದ ಕೋಶಕ್ಕೂ ಹೋಲಿಸಿದರೆ ಎಣಿಕೆ ಹೆಚ್ಚಿರುವುದು ನಿಶ್ಚಯ, ಆದರೆ ನಿಕಲ್‌ಗೂ ಅದಕ್ಕೂ ಸಂಬಂಧವಿಲ್ಲ. ಹೋಲಿಸಬೇಕಾದದ್ದು ಅದೇ ದ್ರಾವಣ, ಅದೇ ನಿಕಲ್, ಅದೇ ಜಾಗ, ವಿದ್ಯುತ್ ಮಾತ್ರ ಇಲ್ಲದ ಇನ್ನೊಂದು ಕೋಶದೊಂದಿಗೆ, ಎರಡನ್ನೂ ಒಟ್ಟಿಗೇ ಎಣಿಸುತ್ತ.

ಇದನ್ನು ನೀನೇ ಕಾಲೇಜಿನಲ್ಲಿ ಮಾಡಿ ನೋಡಬಹುದು, ಜಲಜನಕವೂ ಬೇಡ, ಅಪಾಯವೂ ಇಲ್ಲ. ಕಾಲುವೆ ನೀರಿನ ಭತ್ತಕ್ಕೆ ನಿಮ್ಮ ಕಡೆ ಹಾಕುವ ಪೊಟ್ಯಾಷ್ ಗೊಬ್ಬರವನ್ನು ಅರ್ಧ ಕಿಲೋ ತೆಗೆದುಕೊಂಡು ಪಾಲಿಥೀನ್ ಚೀಲದಲ್ಲಿ ಕಟ್ಟು. ಇನ್ನೊಂದು ಚೀಲದಲ್ಲಿ ಅಷ್ಟೇ ತೂಕದ ಅಡುಗೆ ಉಪ್ಪು ಕಟ್ಟು. ಪ್ರಯೋಗಾಲಯದ ಗೈಗರ್ ಕೌಂಟರನ್ನು ಒಂದೇ ಜಾಗದಲ್ಲಿಟ್ಟು, ಗೊಬ್ಬರ, ಉಪ್ಪು, ಏನೂ ಇಲ್ಲದ್ದು ಹೀಗೆ ಸರದಿಯಾಗಿ ಹತ್ತು ಹತ್ತು ನಿಮಿಷ ಎಣಿಸು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಒಂದು ವಾರ. 400 ಎಣಿಕೆ ಬಂದರೆ ಅದು ತಾನಾಗಿಯೇ ವರ್ಗಮೂಲದಷ್ಟು, ಅಂದರೆ 20ರಷ್ಟು, ಆಚೀಚೆ ಆಗುತ್ತದೆ ಎಂಬುದನ್ನು ಮರೆಯಬೇಡ. 430 ಕಂಡ ಮಾತ್ರಕ್ಕೆ ಏನೂ ಸಿಕ್ಕಂತಲ್ಲ. ಪ್ರತಿ ಅಳತೆಯ ಪಕ್ಕದಲ್ಲಿ ಗಂಟೆ, ಕಿಟಕಿ ತೆರೆದಿತ್ತೋ ಇಲ್ಲವೋ, ಮಳೆ ಬಂದಿತ್ತೋ ಎಂಬುದನ್ನು ಬರೆದಿಡು. ಆ ಪಟ್ಟಿಯನ್ನು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ನಾವಿಬ್ಬರೂ ಕೂಡಿ ಅದನ್ನು ಲೆಕ್ಕ ಹಾಕೋಣ.